ಮಧ್ಯಾಹ್ನದ ಪ್ಯಾಸೆಂಜರಿಗೆ ಕೈ ಬೀಸಬ್ಯಾಡ್ರಿ

ಬಾದಾಮಿಯ ಕೆಂಪು ಗುಡ್ಡಗಳ ಮೇಲೆ ಆ ಸಂಜೆ ಶುರುವಾದ ಮಳೆ ಹಿಡಿದ ಹಟ ಬಿಡಲಿಲ್ಲ. ಸ್ಟೇಶನ್ನಿನಿಂದ ಬಾಗಲಕೋಟೆ ಕಡೆಗೆ ಹಳಿಗುಂಟ ನಡೆದರೆ ಸಿಗುವ ಮಾದೇವಿ ಆಯಿಯ ತಗಡಿನ ಚಹಾದಂಗಡಿಯಲ್ಲಿ ಮೂವರು ತೊಯ್ದ ಬಟ್ಟೆಯಲ್ಲೇ ಒಲೆಯ ಮುಂದೆ ಮುದುಡಿ ಕೂತಿದ್ದರು. ಮಹೇಶ್ವರಿ, ಪ್ರವೀಣಕುಮಾರ ಮತ್ತು ಅಯಾನ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನವರು. ಮೂವರಿಗೂ ಇದ್ದದ್ದು ಒಂದೇ ಹುಚ್ಚು: ಹಳಿಯ ಪಕ್ಕದಲ್ಲಿ ಒಳ್ಳೆಯ ಜಾಗ ಹುಡುಕಿ ನಿಂತು ರೈಲು ನೋಡುವುದು, ಫೋನಿನಲ್ಲಿ ಹಿಡಿಯುವುದು, ಮನೆಯಲ್ಲಿ ಬೈಸಿಕೊಳ್ಳುವುದು.

ಮಳೆ ನಿಲ್ಲುವ ತನಕ ಮಾಡುವುದಕ್ಕೆ ಬೇರೆ ಕೆಲಸವಿಲ್ಲದ್ದರಿಂದ ಯಾವ ಜಾಗ ಮೇಲು ಎಂಬ ಜಗಳ ಹತ್ತಿತ್ತು. ಆಲಮಟ್ಟಿಯ ಸೇತುವೆಯ ಮುಂದೆ ಉಳಿದದ್ದೆಲ್ಲ ಸುಳ್ಳು ಎಂದು ಪ್ರವೀಣಕುಮಾರ. ಬಾಗಲಕೋಟೆಯ ಹಿನ್ನೀರು ತುಂಬಿದಾಗ ಗಾಡಿ ನೀರಿನ ಮೇಲೇ ಓಡಿದಂತೆ ಕಾಣುತ್ತದೆ, ಅದನ್ನು ನೋಡದವನು ಏನೂ ನೋಡಿಲ್ಲ ಎಂದು ಅಯಾನ. ಮಹೇಶ್ವರಿಗೆ ಮಾತ್ರ ಇವತ್ತು ಸಿಕ್ಕ ಜಾಗವೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ತಿರುವಿನ ಮೇಲೊಂದು ಹಾಸುಗಲ್ಲು, ಎದುರಿಗೆ ಗುಡ್ಡ, ಗುಡ್ಡದ ಸಂದಿಯಿಂದ ಹೊರಬಿದ್ದ ಗಾಡಿ ತಲೆಯಿಂದ ಬಾಲದವರೆಗೆ ಪೂರ್ತಿ ಕಾಣುತ್ತಿತ್ತು. ಅಲ್ಲಿ ನಿಂತಾಗ ನಿದ್ದೆಯಲ್ಲೋ ಎಚ್ಚರದಲ್ಲೋ ಎಂಬ ಹಾಗೆ ಮೈ ಹಗುರಾಗಿತ್ತು, ಅದನ್ನು ಇವರಿಬ್ಬರಿಗೆ ಹೇಳಿದರೆ ನಗುತ್ತಾರೆಂದು ಹೇಳಿರಲಿಲ್ಲ.

"ಯಾವ ಕಲ್ಲು?" ಎಂದಳು ಆಯಿ, ಚಹಾ ಸೋಸುವುದನ್ನು ನಿಲ್ಲಿಸಿ. "ಆ ತಿರುವಿನ ಕಲ್ಲೇನು? ಮಧ್ಯಾಹ್ನದ ಪ್ಯಾಸೆಂಜರ್ ಬಂದಾಗ ಅಲ್ಲೇ ಇದ್ರಿ?"

"ಹೂಂ ಆಯಿ, ಅಲ್ಲೇ ಇದ್ವಿ."

"ಕೈ ಬೀಸಿದಿ?"

ಮಹೇಶ್ವರಿ ನಕ್ಕು, ಬೀಸಿದೆ ಎಂದಳು. ಯಾರು ಬೀಸುವುದಿಲ್ಲ?

"ತಿರುಗಿ ಯಾರರೆ ಬೀಸಿದ್ರ?"

"ಕಿಡಕ್ಯಾಗ ಒಬ್ಬ ಸಣ್ಣ ಹುಡುಗ ಬೀಸಿದ."

"ಹುಡುಗ ಅಂದ್ರ ಅಡ್ಡಿಯಿಲ್ಲ," ಎಂದು ಆಯಿ ಉಸಿರು ಬಿಟ್ಟು, ಚಹಾ ಕೊಟ್ಟಳು. ಅಷ್ಟರಲ್ಲಿ ಕರೆಂಟು ಹೋಯಿತು. ಒಲೆಯ ಬೆಳಕಿನಲ್ಲಿ ಆಕೆಯ ಮುಖದ ಅರ್ಧವಷ್ಟೇ ಕಾಣುತ್ತಿತ್ತು. ಪ್ರವೀಣಕುಮಾರ ಫೋನಿನ ಬೆಳಕು ಹಚ್ಚಿದ. ಆಯಿ ಅದನ್ನು ಆರಿಸಲು ಹೇಳಿ, ಸೀರೆಯ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಮಣೆ ಸರಿಸಿ ಕುಳಿತಳು.

"ಕೇಳ್ರಿ ಹಂಗಾರ. ನಡುವ ಬಾಯಿ ಹಾಕಬ್ಯಾಡ್ರಿ, ನನಗ ಸಿಟ್ಟು ಲಗೂ ಬರ್ತೈತಿ. ನಾವು ಬಸವಣ್ಣನ ಮಂದಿ... ದೆವ್ವ ಗಿವ್ವ ನಂಬಬಾರದು ಅಂತ ಮಠದ ಅಜ್ಜಾರು ಹೇಳ್ತಾರ, ನಾನೂ ಮುಂದಿನ ಸಾಲಿನ್ಯಾಗ ಕುಂತು ಗೋಣು ಹಾಕ್ತೇನಿ. ನಂಬೂದಿಲ್ಲಪಾ ನಾನೂ. ಆದ್ರ ನಂಬೂದಿಲ್ಲ ಅಂದ ಕೂಡ್ಲೇ ಎದುರಿಗೆ ನಿಂತದ್ದು ಎದ್ದು ಹೋಗ್ತೈತೇನು?

"ಶ್ರೀಶೈಲ ಅಂತ ನನ್ನ ತಮ್ಮನ ಮಗ. ತಾಯಿ ಇಲ್ಲದಾಂವ, ನಾ ಜ್ವಾಪಾನ ಮಾಡಿದಾಂವ. ಹಳಿ ಆಚೀಕಡೆ ಬೇವಿನ ಗಿಡ ಐತೆಲ್ಲ, ಅದರ ಹಿಂದಿನ ಮನಿ ನಮ್ದು. ಅವಂಗ ಇಲಕಲ್ಲದ ನೇಕಾರರ ಮನ್ಯಾಗಿಂದ ಹೆಣ್ಣು ತಂದ್ವಿ, ಬನಶಂಕರಿ ಅಂತ. ಹುಟ್ಟಿ ಬೆಳೆದಿದ್ದೆಲ್ಲ ಮಗ್ಗದ ಸಪ್ಪಳದಾಗ, ರೈಲು ಅನ್ನೂದನ್ನ ಸಿನೆಮಾದಾಗ ಬಿಟ್ರ ಕಂಡಾಕಿ ಅಲ್ಲ. ಲಗ್ನಾಗಿ ಬಂದ ಮರುದಿನ ಮುಂಜಾನಿ ರೊಟ್ಟಿ ಬಡಿಯಾಕತ್ತಿದಾಕಿ ಗಾಡಿ ಸಪ್ಪಳ ಕೇಳಿ ಹಿಟ್ಟಿನ ಕೈಲೇ ಹೊರಗ ಓಡಿದ್ಲು ನೋಡ್ರಿ... ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು. ಬೈಬೇಕಂತ ಬಾಯಿ ತೆಗದೆ. ಆಕಿ ಮಾರಿ ನೋಡಿದೆ, ಬಾಯಿ ಮುಚ್ಚಿದೆ. ಅಂಥಾ ಖುಷಿ ನಾ ಯಾರ ಮಾರಿ ಮ್ಯಾಲೂ ನೋಡಿರಲಿಲ್ಲ.

"ಅವತ್ತಿನಿಂದ ಹೊತ್ತಿಗೊಂದು ಜಾಗ ಮಾಡಿಕೊಂಡ್ಲು. ಮುಂಜಾನಿ ಗಾಡಿಗೆ ಬೇವಿನ ಗಿಡದ ಬುಡಕ, ಅಲ್ಲಿ ಕಿಡಕ್ಯಾಗಿನ ಮಂದಿ ಮಾರಿ ಕಾಣ್ತಾವು, ಯಾರು ಅಳಾಕತ್ತಾರ, ಯಾರು ತಿನ್ನಾಕತ್ತಾರ ಎಲ್ಲಾ. ಬಿಸಿಲೇರಿದ ಮ್ಯಾಲೆ ಮೋರಿ ನೆರಳಿನ್ಯಾಗ, ಅಲ್ಲಿ ಬರೀ ಗಾಲಿ ಮತ್ತ ಆಕಾಶ. ಮಧ್ಯಾಹ್ನದ ಪ್ಯಾಸೆಂಜರಿಗೆ ಮಾತ್ರ ಆ ಹಾಸುಗಲ್ಲು. ಹೊಲಕ್ಕ ಬುತ್ತಿ ಒಯ್ಯೂ ದಾರೀನಽ ಅದು, ಹಿಂಗಾಗಿ ಯಾರೂ ಏನೂ ಅನ್ನಂಗಿರಲಿಲ್ಲ. ಶ್ರೀಶೈಲ ನಗತಿದ್ದ. ಗಂಡಸಾದ್ರೂ ನನಗೊಂದು ಸವತಿ ಐತಿ ಅತ್ತಿ, ಉಕ್ಕಿಂದು, ಅಂತಿದ್ದ.

"ಒಂದಿನ ಬಂದು ಅಂತಾಳ... ಅತ್ತಿ, ಮಧ್ಯಾಹ್ನದ ಗಾಡಿ ಕಡೀ ಡಬ್ಬಿ ಬಾಗಿಲದಾಗ ಒಬ್ಬಾಕಿ ದಿನಾ ನಿಂತಿರ್ತಾಳ. ನಾ ಕೈ ಬೀಸಿದ್ರ ಆಕೀನೂ ಬೀಸ್ತಾಳ. ನಮ್ಮ ಇಲಕಲ್ ಸೀರಿ ಉಟ್ಟಾಳ, ಕೆಂಪು ಸೆರಗು. ಕೈ ಬೀಸಿ ಆದ ಮ್ಯಾಲೆ ಸೆರಗು ಹಿಂಗ ಎರಡೂ ಕೈಲೆ ಒಡ್ತಾಳ ನೋಡ್ರಿ... ಯಾಕ ಅತ್ತಿ?

"ನನ್ನ ಕೈಯಾಗಿನ ಮೊರ ಕೆಳಗ ಬಿತ್ತು.

"ಯಾಕಂದ್ರ ಆಕಿನ್ನ ನಾವೆಲ್ಲಾ ಹೋಗ್ಯಾಳ ಅಂತ ತಿಳಿದಿದ್ವಿ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದ್ರಲ್ಲ, ಆವಾಗಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಕಿ ಕತಿ ನಾ ಸಣ್ಣಾಕಿದ್ದಾಗ ನಡೆದದ್ದು. ನಮ್ಮ ಕಡೇನ ಹುಡುಗಿ, ಮೊದಲನೇ ಸಲ ಗಂಡನ ಮನಿಗೆ ಹೊಂಟಿದ್ಲು. ಬೀಗರಿಗೆ ಅವಸರ. ಉಡಿ ತುಂಬೂ ಮೊದಲಽ ಗಾಡಿ ಹತ್ತಿಸಿಬಿಟ್ರು.

"ಉಡಿ ತುಂಬೂದಂದ್ರ ಗೊತ್ತೈತಿಲ್ಲೋ ಅಯಾನ? ಹೆಣ್ಣಮಗಳು ತವರು ಬಿಟ್ಟು ಹೊಂಟ್ಲಂದ್ರ ಸೆರಗಿನ್ಯಾಗ ಅರಿಷಿಣ ಹಚ್ಚಿದ ಅಕ್ಕಿ, ಉತ್ತತ್ತಿ, ಅಡಿಕಿ, ಒಂದು ಕೊಬ್ಬರಿ ಬಟ್ಟಲ ಹಾಕಿ ಕಳಸ್ತೇವಿ. ಬರೀ ಉಡೀಲೆ ಕಳಸೂದಿಲ್ಲ. ತುಂಬಿಸಿಕೊಂಡಾಕಿ ಅದರಾಗಿನ ನಾಕು ಕಾಳು ತಿರುಗಿ ಹಾಕಿ ಹೋಗಬೇಕು. ಎಲ್ಲಾ ಕಟಗೊಂಡು ಹೋದ್ರ ಕೊಟ್ಟಾಕಿ ಮನ್ಯಾಗ ಏನ ಉಳೀಬೇಕು? ಮತ್ತೊಂದು ಕಟ್ಟಳಿ ಐತಿ, ಇದನ್ನ ಭಾಳ ಮಂದಿ ಮರ್ತಾರ. ಉಡಿ ತುಂಬೂದು ಮೊರದಾಗಿಂದ. ತನ್ನ ಉಡ್ಯಾಗಿಂದು ಇನ್ನೊಬ್ಬಾಕಿ ಉಡಿಗೆ ಹಾಕಬಾರದು... ಬಸರಿ ಹೆಂಗಸಂತೂ ಎಂದೂ ಹಾಕಬಾರದು.

"ಹಾಂ, ಆ ಹುಡುಗಿ. ತಾಯಿ ಮೊರದಾಗ ಅಕ್ಕಿ ಹಿಡಕೊಂಡು ಹಳಿಗುಂಟ ಓಡಿ ಬಂದ್ಲು. ಈ ತಿರುವಿನ್ಯಾಗ ಗಾಡಿ ನಿಧಾನ ಆಗ್ತಿತ್ತು ಆವಾಗ. ಮಗಳು ಬಾಗಿಲದಾಗ ನಿಂತು ಸೆರಗು ಒಡ್ಡಿ ಬಗ್ಗಿದ್ಲು... ಇನ್ನೊಂದು ಗೇಣು, ಅಷ್ಟಽ... ಆ ಗೇಣು ದಾಟಲಿಲ್ಲ. ತಾಯಿ ಕಣ್ಣ ಮುಂದನಽ ಗಾಲಿ ಕೆಳಗ ಬಿದ್ಲು, ಉಡಿಯಕ್ಕಿ ಹಳಿ ತುಂಬಾ ಚೆಲ್ಲಿತು. ಅವತ್ತಿನಿಂದ ಕೈ ಬೀಸಿದ ಹೆಂಗಸರ ಮುಂದ ಸೆರಗು ಒಡ್ಡತಾಳ ಪಾಪದ್ದು. ನಮ್ಮವ್ವ ನಮಗ ಆ ಗಾಡಿಗೆ ಕೈ ಬೀಸಗೊಟ್ಟಿರಲಿಲ್ಲ.

"ಇದೆಲ್ಲಾ ಬನಶಂಕರಿಗೆ ಅವತ್ತಽ ಹೇಳಿದೆ. ಒಂದೂ ಮುಚ್ಚಿಡಲಿಲ್ಲ. ಹೆದರ್ತಾಳ ಅಂತ ಮಾಡಿದ್ದೆ... ಆಕಿ ಅಳಾಕ ಹತ್ತಿದ್ಲು. ಇಷ್ಟ ವರ್ಷ ಆತು, ಒಬ್ಬರಿಗೂ ಆಕಿಗೆ ಒಂದ ಹಿಡಿ ಅಕ್ಕಿ ಹಾಕಬೇಕು ಅನಸಲಿಲ್ಲೇನ್ರಿ ಅತ್ತಿ, ಅಂತ ನನ್ನನ್ನ ಕೇಳ್ತಾಳ! ನೀವರೆ ಏನ ಹೇಳ್ತಿದ್ರಿ?"

ಮಹೇಶ್ವರಿಯ ಕೈಯೊಳಗಿನ ಚಹಾ ಆರಿಹೋಗಿತ್ತು. ತಗಡಿನ ಮೇಲೆ ಮಳೆ ಒಂದು ಸಲ ಜೋರಾಗಿ, ಮತ್ತೆ ತೆಳುವಾಯಿತು. ಆಯಿ ಒಲೆಗೆ ಒಂದು ಕಟ್ಟಿಗೆ ನೂಕಿದಳು.

"ಮುಂದ ಆಕಿ ಬಸರಾದ್ಲು. ಏಳನೇ ತಿಂಗಳಾಗ ಸೀಮಂತದ ಕುಬಸ ಮಾಡಿದ್ವಿ. ಇಲಕಲ್ಲದಿಂದ ಹಡದವ್ವ ಹಸರ ಸೀರಿ ತಂದ್ಲು, ಕೈತುಂಬ ಹಸರ ಬಳಿ, ಹೆಂಗಸರೆಲ್ಲಾ ಸೇರಿ ಉಡಿ ತುಂಬಿದ್ವಿ. ಊಟ ಆತು, ಬಂದವರೆಲ್ಲಾ ಅಲ್ಲಲ್ಲೆ ಅಡ್ಡಾದ್ರು, ಬಿಸಿಲು ಝಳಾ ಝಳಾ. ಈಕಿ ಯಾರಿಗೂ ಹೇಳದ, ಉಡಿ ಕಟಗೊಂಡವಳು ಕಟಗೊಂಡಂಗಽ ಎದ್ದು ಕಲ್ಲಿಗೆ ಹೋದ್ಲು. ಹಸರ ಸೀರಿ ಗಾಡ್ಯಾಗಿನ ಆಕಿಗೆ ತೋರ್ಸೂದಿತ್ತಂತ. ಗೆಳತಿ ಇದ್ದಂಗಲ್ಲ ಆಗಿದ್ಲು!

"ಅವತ್ತ ಸಿಗ್ನಲ್ ಸಿಗದ ಪ್ಯಾಸೆಂಜರ್ ತಿರುವಿನ್ಯಾಗ ನಿಂತ್ತು. ಕಡೀ ಡಬ್ಬಿ ಬಾಗಿಲ ಆ ಕಲ್ಲಿನ ಕೆಳಗಽ ಬಂದು ನಿಂತ್ತು. ಆಕಿ ಬಾಗಿಲದಾಗಿದ್ಲು. ಕೈ ಬೀಸಲಿಲ್ಲ, ಬರೀ ಸೆರಗು ಒಡ್ಡಿದ್ಲು. ಬನಶಂಕರಿ ಕಲ್ಲಿಳಿದು ಹಳಿ ಹತ್ರ ಹೋಗಿ... ಮನಿಗೆ ಹೋಗಿ ಮೊರ ತರೂದಕ್ಕ ಹೊತ್ತೆಲ್ಲಿತ್ತು? ಗಾಡಿ ಬಿಟ್ರ? ಆ ತಾಯೀನೂ ತಡಾ ಮಾಡೇ ಅಲ್ಲೇನು ಮಗಳನ್ನ ಕಳಕೊಂಡದ್ದು? ಅದಽ ವಿಚಾರ ತಲ್ಯಾಗ. ತನ್ನ ಉಡಿ ಬಿಚ್ಚಿ, ಇದ್ದದ್ದೆಲ್ಲಾ ಆಕಿ ಸೆರಗಿಗೆ ಸುರುವಿಬಿಟ್ಲು.

"ಆ ಹೆಂಗಸಿನ ಮಾರಿ ಹೆಂಗ ಅರಳಿತು ಅಂತೀರಿ ಅತ್ತಿ, ಅಂತಿದ್ಲು ಬನಶಂಕರಿ ಆಮ್ಯಾಲೆ. ತಿರುಗಿ ಹಾಕಾಕಂತ ನಾಕು ಕಾಳು ಬೆರಳಿಲೆ ಹಿಡದಿದ್ಲಂತ, ರೀತಿ ಬಲ್ಲಾಕಿ. ಅಷ್ಟರಾಗ ಇಂಜಿನ್ ಕೂಗಿತು. ಗಾಡಿ ಹೋತು. ಕಾಳು ಆಕಿ ಬೆರಳಾಗನಽ ಉಳಿದುವು.

"ಮನಿಗೆ ಬಂದ ಹೊತ್ತಿಗೆ ಹೊಟ್ಯಾಗಿನ ಕೂಸು ಒದಿಯೂದು ನಿಂತಿತ್ತು.

"ಮರುದಿನ ಬಾಗಲಕೋಟಿ ದವಾಖಾನಿಗೆ ಓಡಿದ್ವಿ. ಡಾಕ್ಟರ್ ಬಾಯಿ ಹೊಟ್ಟಿಗೆ ಮಷೀನ್ ಹಚ್ಚಿದ್ಲು. ಎದಿ ಬಡಕೊಳ್ಳೂದು ಕೇಳಿಸ್ತು... ಭಾಳ ದೂರದಾಗ ಗಾಡಿ ಹೊಂಟಂಗ. ಜೀವ ಐತಿ, ಯಾಕ ಅಲಗವಲ್ದು ತಿಳಿವಲ್ದು, ವಾರಕ್ಕೊಮ್ಮಿ ಬರ್ರಿ, ಅಂದ್ಲು. ಆಕೀದೇನು ತಪ್ಪು, ಮಷೀನಿಗೆ ಕೂಸು ಎಲ್ಲೈತಿ ಅನ್ನೂದು ಹೆಂಗ ಗೊತ್ತಾಗಬೇಕು? ನನಗ ಗೊತ್ತಾತು. ಕೂಸು ಆಕಿ ಉಡ್ಯಾಗ ಕುಂತು ಊರೂರು ತಿರಗಾಕತ್ತಿತ್ತು. ಆಕಿ ಆ ಕಾಳು ತಿರುಗಿ ಹಾಕೂ ಮಟ ಅದು ಬರಂಗಿಲ್ಲ.

"ನಾಳಿ ಗಾಡಿಗೆ ಹೋಗಿ ಬೇಡಿಕೊಳ್ಳೂಣು ಅಂದ್ವಿ. ನಾಳಿ ಎಲ್ಲಿ ಬಂತು? ಕೊರೊನಾ ಅಂತ ಅದಽ ರಾತ್ರಿ ದೇಶದ ಗಾಡಿ ಎಲ್ಲಾ ನಿಂತುವು.

"ನಿಮಗ ನೆನಪಿರಬೇಕು, ಆವಾಗ ನೀವು ಸಾಲಿ ಹುಡುಗರು. ನಿಮಗ ಸೂಟಿ... ನಮ್ಮ ಮನ್ಯಾಗ ಉಸಿರು ನಿಂತಂಗಾಗಿತ್ತು. ಆಗೊಂದು ಈಗೊಂದು ಗೂಡ್ಸ್ ಹೋಗ್ತಿತ್ತು, ಅಷ್ಟಽ. ಹಳಿ ನಡುವ ಹುಲ್ಲು ಬೆಳೀತು. ನವಿಲು ಮರಿ ಕಟಗೊಂಡು ಹಳಿ ಮ್ಯಾಲಽ ತಿರಗತಿದ್ವು. ಈಕಿ ದಿನಾ ಮಧ್ಯಾಹ್ನ ಹೊಟ್ಟಿ ಮ್ಯಾಲೆ ಎರಡೂ ಕೈ ಇಟಗೊಂಡು ಆ ಕಲ್ಲಿನ ಮ್ಯಾಲೆ ಕುಂದರ್ತಿದ್ಲು. ಬಾರದ ಗಾಡಿ ಕಾಯಾಕ. ನಾನೂ ಹೋಗಿ ಬಿಸಿಲಿಗೆ ಕೊಡಿ ಹಿಡಕೊಂಡು ನಿಂದರ್ತಿದ್ದೆ. ಆಕಿ ಒಂದಿನ ಅಂದ್ಲು, ಅತ್ತಿ, ನಾ ಕನಿಕರ ಪಟ್ಟದ್ದು ತಪ್ಪೇನು? ತಪ್ಪಲ್ಲವ್ವಾ, ಅಂದೆ. ಈಗ ಕೇಳಿದ್ರೂ ತಪ್ಪಲ್ಲ ಅಂತನಽ ಹೇಳ್ತೇನಿ.

"ಬಸವ ಜಯಂತಿ ಹಿಂದ ಮುಂದ ಇರಬೇಕು. ಗಾಳಿ ಇಲ್ಲ, ಎಲಿ ಅಲಗವಲ್ದು. ಆಕಿ ಒಮ್ಮಿಗಿಲೆ ಎದ್ದು ನಿಂತ್ಲು. ಬಂತು ಅತ್ತಿ, ಅಂದ್ಲು. ಏನ ಬಂತು? ನನಗ ಹಳಿ ಖಾಲಿ ಕಾಣ್ತಿತ್ತು. ಸಪ್ಪಳಿಲ್ಲ, ಏನಿಲ್ಲ. ಸಣ್ಣ ಗಾಡಿ ಅತ್ತಿ, ಹಳೇ ಕೆಂಪು ಡಬ್ಬಿ, ಅನ್ನಾಕತ್ತಿದ್ಲು. ಈಕಿಗೇನು ತಲಿ ಕೆಟ್ಟಿತೇನು ಅಂತ ನಾ ಅಂದುಕೊಳ್ಳೂದರಾಗ... ನೆರಳು ಬಂತು ನೋಡ್ರಿ. ಗಾಡಿ ಇಲ್ಲ, ಗಾಡಿ ನೆರಳಷ್ಟಽ. ನಮ್ಮ ಮ್ಯಾಲೆ ಒಂದು ಡಬ್ಬಿ ನೆರಳು, ನಡುವ ಒಂದಿಷ್ಟು ಬಿಸಿಲು, ಮತ್ತೊಂದು ಡಬ್ಬಿ ನೆರಳು, ಮತ್ತ ಬಿಸಿಲು... ತಣ್ಣಗ ಹಾದು ಹೋಗಾಕತ್ತುವು. ಹೆದರಿಕಿನೂ ಆಗಲಿಲ್ಲ ನನಗ, ತೊಟ್ಲಾಗ ಮಲಗಿಸಿ ತೂಗಿದಂಗ ಅನಸ್ತಿತ್ತು.

"ಬನಶಂಕರಿ ಸೆರಗು ಒಡ್ಡಿ ಬಗ್ಗಿದ್ಲು. ಎಷ್ಟ ಬಗ್ಗಿದ್ಲಂದ್ರ, ಆ ಹಿಂದಿನಾಕಿ ಬಗ್ಗಿದಷ್ಟಽ. ನಾ ಕೊಡಿ ಒಗದು ಎರಡೂ ಕೈಲೆ ನಡ ಹಿಡಕೊಂಡೆ. ಬಿಡಲಿಲ್ಲ. ಕಡೀ ನೆರಳು ಹಾದು ಹೋಗೂ ಹೊತ್ತಿಗೆ ಸೆರಗಿನ್ಯಾಗ ಟಪ್ ಟಪ್ ಅಂತು. ಅರಿಷಿಣದಕ್ಕಿ, ನಾಕು ಕಾಳು... ಮತ್ತ ಅದಽ ಗಳಿಗ್ಯಾಗ ನನ್ನ ಅಂಗೈಗೆ ಕೂಸು ಒದೀತು. ಜೋರ ಒದೀತು! ಇಬ್ಬರೂ ಆ ಕಲ್ಲಿನ ಮ್ಯಾಲೆ ಕುಂತು ಅತ್ತದ್ದು ನೋಡಿದ್ರ ಯಾರರೆ ಸತ್ತಾರ ಅಂತಿದ್ರು ಮಂದಿ."

"ಹಂಗಾರ ಎಲ್ಲಾ ಸರಿ ಆತಲ್ಲ ಆಯಿ," ಎಂದ ಪ್ರವೀಣಕುಮಾರ. ಅವನ ದನಿಯಲ್ಲಿ ಕತೆ ಇಲ್ಲಿಗೇ ಮುಗಿಯಲಿ ಎಂಬ ಬೇಡಿಕೆ ಇತ್ತು.

"ನಡುವ ಬಾಯಿ ಹಾಕಬ್ಯಾಡ ಅಂದಿದ್ದೆ. ನಾವೂ ಹಂಗಽ ತಿಳಿದ್ವಿ. ಹೆಣ್ಣು ಹುಟ್ಟಿತು. ಪ್ರಿಯದರ್ಶಿನಿ ಅಂತ ಹೆಸರಿಟ್ವಿ. ಹಾಲು ಕುಡೀತು, ಬೆಳೀತು, ಅಂಬೆಗಾಲು ಇಟ್ಟಿತು... ನಗತಿದ್ದಿಲ್ಲ ಮಾತ್ರ. ಎತ್ತಿ ಆಡಿಸ್ರಿ, ಗಿಲಗಂಚಿ ಬಾರಿಸ್ರಿ, ಊಹೂಂ. ಆಮ್ಯಾಲೆ ಗಾಡಿ ಮತ್ತ ಶುರು ಆದುವಲ್ಲ, ಮೊದಲನೇ ದಿನ ಮಧ್ಯಾಹ್ನದ ಪ್ಯಾಸೆಂಜರ್ ಕೂಗಿದ ಕೂಡ್ಲೇ ಕೂಸು ಕಿಲಕಿಲಾ ನಕ್ಕಿತು! ತಾಯಿಯಂಥಾ ಮಗಳು ಅಂತ ನಾವೂ ನಕ್ವಿ. ದಿನಾ ಎತಗೊಂಡು ಹೋಗಿ ತೋರಿಸಿದ್ವಿ. ಮಾತು ಬಂದಾಗ ಮೊದಲು ಆಡಿದ ಮಾತು ಅವ್ವಾ ಅಂತ. ಎಲ್ಲಾ ಮಕ್ಕಳೂ ಅದನ್ನಽ ಅಂತಾವು, ಅದರಾಗೇನು?

"ಆದ್ರ ಅದು ಬನಶಂಕರಿ ಬಗಲಾಗ ಕುಂತು, ಗಾಡಿ ಕಡೀ ಡಬ್ಬಿಗೆ ಕೈ ಮಾಡಿ ಅಂದದ್ದು, ಅವ್ವಾ ಅಂತ.

"ನಮ್ಮ ಹೊಟ್ಯಾಗಿದ್ದ ಕೂಸಿಗೆ ಆಕೀನೂ ಒಂದಿಷ್ಟು ದಿನ ತಾಯಿ ಆಗಿದ್ಲಲ್ಲ... ಉಡ್ಯಾಗ ಹೊತಗೊಂಡು ತಿರುಗಿದ್ಲಲ್ಲ. ಕೂಸಿಗೆ ಅದು ಮರೀಲಿಲ್ಲ. ಒಂದಿನ ನಾ ಕಾಳು ಹಸನ ಮಾಡಾಕತ್ತೇನಿ, ಬನಶಂಕರಿ ಚೀರಿದ್ದು ಕೇಳಿ ಓಡಿದೆ. ಕೂಸು ತಪ್ಪು ಹೆಜ್ಜಿ ಇಟಗೋತ ಹಳಿ ಕಡೆ ಇಳದೈತಿ, ಫ್ರಾಕಿನ ಉಡಿ ಎರಡೂ ಕೈಲೆ ಒಡ್ಡಿಕೊಂಡು. ಗಾಡಿ ತಿರುವಿಗೆ ಬಂದೈತಿ. ಬನಶಂಕರಿ ಹೆಂಗ ಜಿಗದ್ಲೋ, ಹೆಂಗ ಹಿಡದ್ಲೋ... ಕೂಸನ್ನ ಎದಿಗೆ ಅವಚಿಕೊಂಡು ಗಾಡಿ ಹಿಂದ ನಿಂತು ಬೈದ್ಲು ನೋಡ್ರಿ. ನಿನಗ ಉಡಿ ತುಂಬಿದೆ, ನನ್ನ ಉಡಿ ಯಾಕ ಬೇಡ್ತಿ? ಇದು ನನ್ನ ಮಗಳು, ನಾ ಕೊಡಂಗಿಲ್ಲ! ಅಂತ.

"ಮರುದಿನಽ ಕೂಸು ಕಟಗೊಂಡು ಇಲಕಲ್ ಬಸ್ ಹತ್ತಿದ್ಲು. ಹುನಗುಂದ ದಾಟಿದ್ರ ಹಳಿ ಇಲ್ಲ, ಸ್ಟೇಶನ್ ಇಲ್ಲ, ಗಾಡಿ ಕೂಗಿದ್ದು ಕೇಳಂಗಿಲ್ಲ, ಅಲ್ಲೇ ಇರ್ತೇನಿ, ಅಂದ್ಲು. ಗಾಡಿ ನೋಡೂದಂದ್ರ ಪ್ರಾಣ ಆಕಿಗೆ. ಹೋಗೂವಾಗ ಹಳಿ ಕಡೆ ಒಮ್ಮಿನೂ ತಿರುಗಿ ನೋಡಲಿಲ್ಲ. ನಾ ಅವತ್ತ ಭಾಳ ಅತ್ತೆ. ಶ್ರೀಶೈಲ ಐತವಾರಕ್ಕೊಮ್ಮಿ ಹೋಗಿ ಬರ್ತಾನ. ಆಕಿ ತವರಾಗ ಮಗ್ಗ ಹಾಕ್ಯಾಳ, ಕೂಸು ಅಲ್ಲೇ ಬೆಳಿಯಾಕತ್ತೈತಿ. ನಾಕೈದು ವರ್ಷ ಏನೂ ಇರಲಿಲ್ಲ... ಏನೂ ಇರಲಿಲ್ಲ.

"ಹ್ವಾದ ತಿಂಗಳ ನೋಡಿ ಬರಾಕಂತ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಬನಶಂಕರಿ ನೇಯಾಕತ್ತಿದ್ಲು. ಕೂಸಿನ ಲಂಗದ ತುದಿ ತನ್ನ ಸೆರಗಿಗೆ ಗಂಟು ಹಾಕಿದ್ಲು. ಆಟಕ್ಕ ಇರಬೇಕು ಅಂತ ಮಾಡಿದೆ. ಒಮ್ಮಿಗಿಲೆ ಮಗ್ಗ ಜೋರ ಹೊಡಿಯಾಕ ಹತ್ತಿದ್ಲು, ಕಿವಿ ಕಿತ್ತು ಹೋಗೂವಂಗ. ನಿಧಾನ ಹೊಡಿಯವ್ವಾ, ನೂಲು ಹರದೀತು, ಅಂದೆ. ಮಾತಾಡಲಿಲ್ಲ. ಮಾರಿ ತುಂಬಾ ಬೆವರು. ನೂಲು ಹರದಽ ಹೋತು, ಮಗ್ಗ ನಿಂತ್ತು... ಆಗ ಕೇಳಿಸ್ತು.

"ಇಂಜಿನ್ ಕೂಗಿದ್ದು.

"ಇಲಕಲ್ಲಿಗೆ ರೈಲು ಬಿಡ್ರಿ ಅಂತ ಮಂದಿ ಎಷ್ಟ ವರ್ಷದಿಂದ ಅರ್ಜಿ ಕೊಡಾಕತ್ತಾರ, ಪಾಪ. ಬರಾಕತ್ತೈತಿ... ದಿನಾ ಬರಾಕತ್ತೈತಿ. ಮೊದಲ ಊರ ಹೊರಗ ಕೇಳ್ತಿತ್ತಂತ. ಆಮ್ಯಾಲೆ ಬಸ್‌ಸ್ಟ್ಯಾಂಡ್ ಈಚೀಕ. ಈಗ ಓಣಿ ತುದೀಗೆ ಬಂದು ನಿಂದರ್ತೈತಂತ, ಸಿಗ್ನಲ್ ಸಿಗದ ಗಾಡಿ ನಿಂತಂಗ. ಕೂಸು ಕಿಡಕ್ಯಾಗಿಂದ ಕೈ ಬೀಸ್ತೈತಿ.

"ನಿನ್ನಿ ಸಂಜಿ ಬನಶಂಕರಿ ಫೋನ್ ಮಾಡಿದ್ಲು. ಅಳಲಿಲ್ಲ ಆಕಿ, ಮೆಲ್ಲಕ ಹೇಳಿದ್ಲು. ಅತ್ತಿ, ಇವತ್ತ ಗಂಟು ಬಿಚ್ಚಿತ್ತು. ನಾ ಬಿಚ್ಚಿಲ್ಲ. ಕೂಸಿಗೆ ನನ್ನ ಗಂಟು ಬಿಚ್ಚಾಕ ಬರೂದಿಲ್ಲ. ಹೊಸ್ತಿಲದಾಗ ಹಿಡದೇನಿ... ಅಂತ."

ಆಯಿ ಎದ್ದು ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಮಳೆ ಯಾವಾಗ ನಿಂತಿತ್ತೋ ಮೂವರಿಗೂ ಗೊತ್ತಾಗಿರಲಿಲ್ಲ. ಮೂಲೆಯಲ್ಲಿ ಒಂದು ಬಟ್ಟೆಯ ಚೀಲ ಕಟ್ಟಿ ಇಟ್ಟದ್ದನ್ನು ಮಹೇಶ್ವರಿ ಆಗ ನೋಡಿದಳು.

"ನಾಳಿಂದ ಅಂಗಡಿ ಬಂದ್ ಇರ್ತೈತಿ, ಚಹಾಕ್ಕ ಇಲ್ಲಿ ಬರಬ್ಯಾಡ್ರಿ," ಎಂದಳು ಆಯಿ. "ಮುಂಜಾನಿ ಬಸ್ಸಿಗೆ ನಾ ಇಲಕಲ್ಲಿಗೆ ಹೊಂಟೇನಿ. ಆ ಕೂಸಿಗೆ ಒಂದ ಸೆರಗು ಸಾಲವಲ್ದು. ಇನ್ನೊಂದು ಕಡೆ ನನ್ನ ಸೆರಗಿಗೆ ಗಂಟು ಹಾಕ್ತೇನಿ."